ಹೊಸ ಆವೃತ್ತಿ ಬಂತು ಅಂದ ತಕ್ಷಣ ಹಾಕ್ಕೋಬೇಕಾ? ಲಿನಕ್ಸ್‌ನಲ್ಲಿ ರೆಕಾರ್ಡಿಂಗ್ ಮಾಡೋರ ಅನುಭವಗಳು

ಪ್ರಶ್ನೆ

ನಮಸ್ಕಾರ. ಹಾಡು, ಗಿಟಾರ್ ಎರಡನ್ನೂ ಮನೆಯಲ್ಲೇ ರೆಕಾರ್ಡ್ ಮಾಡ್ತೀನಿ. ಯಂತ್ರದಲ್ಲಿ ಇರೋದು ಡೆಬಿಯನ್ 12 ಅನ್ನೋ ಲಿನಕ್ಸ್, ಅದರ ಮೇಲೆ ಹಾಡು ರೆಕಾರ್ಡ್, ಮಿಕ್ಸ್ ಮಾಡೋ ಆರ್ಡೋರ್ 7. ಮಾತಿನ ರೆಕಾರ್ಡಿಂಗ್ ಕತ್ತರಿಸಿ ಜೋಡಿಸೋಕೆ ಅಡಾಸಿಟಿ. ಎರಡು ಇನ್‌ಪುಟ್ ಇರೋ ಒಂದು ಯುಎಸ್‌ಬಿ ಇಂಟರ್‌ಫೇಸ್ ಇದೆ. ಕೆಲಸ ನಡೀತಾ ಇದೆ, ದೂರೇನಿಲ್ಲ. ಆದರೆ ಆರ್ಡೋರ್ 8 ಬಂದು ಬಹಳ ಕಾಲ ಆಯ್ತು, ತಂತ್ರಾಂಶಕ್ಕೂ ಇಂಟರ್‌ಫೇಸಿಗೂ ನಡುವೆ ಸದ್ದು ಸಾಗಿಸೋ ಪೈಪ್‌ವೈರ್ ನನ್ನ ಹತ್ರ ಇರೋದಕ್ಕಿಂತ ಎಷ್ಟೋ ಮುಂದೆ ಹೋಗಿದೆ, ಅಡಾಸಿಟಿಯಲ್ಲೂ ಏನೇನೋ ಸೇರಿದೆ ಅಂತ ಓದ್ತಾನೇ ಇದ್ದೀನಿ. ಡೆಬಿಯನ್ 13ಕ್ಕೆ ಹೋದರೆ ಇದೆಲ್ಲ ಒಂದೇ ಏಟಿಗೆ ಬದಲಾಗುತ್ತೆ. ಅರ್ಧ ಮುಗಿದ ಹಾಡುಗಳು ಕೂತಿವೆ, ಅವು ತೆರೆಯುತ್ತವೋ ಇಲ್ಲವೋ ಅನ್ನೋದೇ ಹೆದರಿಕೆ. ನೀವೆಲ್ಲ ಹೊಸ ಆವೃತ್ತಿಗಳನ್ನ ಹೇಗೆ ನಿಭಾಯಿಸ್ತೀರಿ? ಯಾವುದನ್ನ ತಕ್ಷಣ ಹಾಕ್ಕೋತೀರಿ, ಯಾವುದಕ್ಕೆ ಕಾಯ್ತೀರಿ? ಓದಿದ್ದಕ್ಕಿಂತ ನೀವೇ ಮಾಡಿ ನೋಡಿದ್ದನ್ನ ಹೇಳಿದರೆ ಉಪಕಾರ.

ಆರ್ಡೋರ್‌ನಲ್ಲೇ ಹಾಡು ಮಿಕ್ಸ್ ಮಾಡುವವರು

ಮೊದಲು ನಿಮ್ಮ ಹೆದರಿಕೆಯ ವಿಷಯ. ಆರ್ಡೋರ್ 7ರ ಸೆಷನ್, ಅಂದರೆ ಒಂದು ಹಾಡಿನ ಇಡೀ ಕೆಲಸ, 8ರಲ್ಲಿ ತೆರೆಯುತ್ತದೆ. ವಾಪಸ್ ಬರುವ ದಾರಿಯನ್ನು ಮಾತ್ರ ನಂಬಿಕೊಳ್ಳಬೇಡಿ. 8ರಲ್ಲಿ ಸೇವ್ ಮಾಡಿದ್ದನ್ನು 7 ಒಪ್ಪಿಕೊಳ್ಳಲೇಬೇಕು ಅಂತೇನೂ ಇಲ್ಲ.

ಇದಕ್ಕೊಂದು ವ್ಯವಸ್ಥೆ ಆರ್ಡೋರ್ ಒಳಗೇ ಇದೆ. ಸೆಷನ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ಹಾಡಿನ ಹೆಸರು, ಕೊನೆಗೆ ಡಾಟ್ ಆರ್ಡೋರ್ ಅಂತಿರುವ ಒಂದು ಫೈಲ್ ಕಾಣುತ್ತದೆ. ಅದು ಬರೀ ಎಕ್ಸ್‌ಎಂಎಲ್ ಪಠ್ಯ, ಯಾವ ಟೆಕ್ಸ್ಟ್ ಎಡಿಟರ್‌ನಲ್ಲಿ ಬೇಕಾದರೂ ಓದಬಹುದು. ಯಾವ ಟ್ರ್ಯಾಕ್ ಎಲ್ಲಿ, ಫೇಡರ್ ಎಷ್ಟರಲ್ಲಿ, ಪ್ಲಗಿನ್ (ಸದ್ದಿಗೆ ಎಫೆಕ್ಟ್ ಕೊಡಲು ಸೇರಿಸುವ ಪುಟ್ಟ ತಂತ್ರಾಂಶ) ಯಾವುದು ಎಂಬ ಲೆಕ್ಕವೆಲ್ಲ ಅದರಲ್ಲೇ. ನೀವು ಹಾಡಿದ್ದು ಇರುವುದು ಬೇರೆ ಕಡೆ, ಇಂಟರ್‌ಚೇಂಜ್ ಎಂಬ ಒಳಫೋಲ್ಡರ್‌ನಲ್ಲಿ, ಸಾಮಾನ್ಯ ಆಡಿಯೋ ಫೈಲ್‌ಗಳಾಗಿ. ಸೆಷನ್ ಫಾರ್ಮ್ಯಾಟ್ ಬದಲಾಗಿರುವ ಹೊಸ ಆವೃತ್ತಿಯಲ್ಲಿ ಹಳೆಯ ಹಾಡು ತೆರೆದರೆ, ಆರ್ಡೋರ್ ಮೊದಲು ಹಳೆಯ ಲೆಕ್ಕದ ಫೈಲನ್ನು ನಕಲು ಮಾಡಿ, ಹೆಸರಿನ ಕೊನೆಗೆ ಹಳೆಯ ಫಾರ್ಮ್ಯಾಟಿನ ಸಂಖ್ಯೆ ಅಂಟಿಸಿ ಅದೇ ಫೋಲ್ಡರ್‌ನಲ್ಲಿ ಇಡುತ್ತದೆ. ಹಾಗೆ ಮಾಡಿದ್ದೇನೆ ಎಂದು ತೆರೆಯುವಾಗಲೇ ತಿಳಿಸುತ್ತದೆ ಕೂಡ. ಆ ಸಂದೇಶವನ್ನು ಓದದೆ ಮುಚ್ಚುವವರೇ ಹೆಚ್ಚು. ಹಳೆಯ ಆರ್ಡೋರ್‌ಗೆ ಮರಳಬೇಕಾದರೆ ತೆರೆಯಬೇಕಾದದ್ದು ಆ ನಕಲನ್ನು.

ಅಷ್ಟಿದ್ದರೂ ನಾನು ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡದೆ ಮುಟ್ಟುವುದಿಲ್ಲ. ಮುಗಿದ ಹಾಡಾದರೆ ಸ್ಟೆಮ್ ಎಕ್ಸ್‌ಪೋರ್ಟ್ ಕೂಡ ಮಾಡಿಡುತ್ತೇನೆ. ಪ್ರತಿ ಟ್ರ್ಯಾಕ್ ಬೇರೆ ಬೇರೆ ಫೈಲ್ ಆಗಿ, ಎಲ್ಲವೂ ಒಂದೇ ಬಿಂದುವಿನಿಂದ ಶುರುವಾಗುವಂತೆ ಬರುತ್ತದೆ. ಮುಂದೆ ಆರ್ಡೋರೇ ಇಲ್ಲದಿದ್ದರೂ ಬೇರೆ ಯಾವ ತಂತ್ರಾಂಶದಲ್ಲಾದರೂ ಸಾಲಾಗಿ ಜೋಡಿಸಿದರೆ ಹಾಡು ಸಿಗುತ್ತದೆ.

ಪ್ಲಗಿನ್ ಒಂದು ಸಿಗದೆ ಹೋದರೆ ಏನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆರ್ಡೋರ್ ಆ ಜಾಗವನ್ನು ಖಾಲಿ ಮಾಡಿ ಬಿಸಾಡುವುದಿಲ್ಲ. ಮಿಕ್ಸರ್ ಪಟ್ಟಿಯಲ್ಲಿ ಅದರ ಹೆಸರಿನ ಒಂದು ನಿಷ್ಕ್ರಿಯ ಡಬ್ಬಿ ಉಳಿಸಿ, ಅದರ ಸೆಟ್ಟಿಂಗ್‌ಗಳನ್ನು ಸೆಷನ್‌ನಲ್ಲಿ ಹಾಗೇ ಕಾದಿಡುತ್ತದೆ. ಪ್ಲಗಿನ್ ಹಾಕಿ ಮತ್ತೆ ತೆರೆದರೆ ನಿಮ್ಮ ರಿವರ್ಬ್ ಇದ್ದಲ್ಲೇ ಇರುತ್ತದೆ. ಆದ್ದರಿಂದ ತೆರೆದ ಕೂಡಲೇ ಆ ಡಬ್ಬಿಗಳನ್ನು ಡಿಲೀಟ್ ಮಾಡುವ ಚಪಲ ಬೇಡ.

ಹೊಸದರಲ್ಲಿ ನಿಮಗೆ ಏನಿದೆ? 2020ರ ಮೇ ತಿಂಗಳಲ್ಲಿ ಬಂದ 6.0 ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಪ್ಲಗಿನ್‌ಗಳಿಂದಾಗುವ ವಿಳಂಬವನ್ನು ಬಸ್, ಸೆಂಡ್ ಎಲ್ಲ ದಾರಿಗಳಲ್ಲೂ ಸರಿದೂಗಿಸುವ ಕೆಲಸ ಅದರಲ್ಲಿ ಪೂರ್ತಿಯಾಯಿತು. ಅದು ನಿಮಗೆ ಈಗಾಗಲೇ ಸಿಕ್ಕಿದೆ. 2022ರ ಅಕ್ಟೋಬರ್‌ನ 7.0ರಲ್ಲಿ ಕ್ಲಿಪ್‌ಗಳನ್ನು ಗುಂಡಿ ಒತ್ತಿ ನುಡಿಸುವ ಸೌಲಭ್ಯ ಬಂತು, ಒಳಗಡೆ ಕಾಲದ ಲೆಕ್ಕ ಇಡುವ ರೀತಿಯೇ ಬದಲಾಯಿತು. 2023ರ ಅಕ್ಟೋಬರ್‌ನ 8.0ರ ಸುದ್ದಿಯಲ್ಲಿ ಬಹುಪಾಲು ಮಿಡಿ (ಕೀಬೋರ್ಡಿನಂಥ ವಾದ್ಯದ ಸ್ವರಗಳ ಮಾಹಿತಿ) ಎಡಿಟಿಂಗಿನದು. ಸ್ವರಗಳ ವೆಲಾಸಿಟಿಯನ್ನು (ಎಷ್ಟು ಜೋರಾಗಿ ನುಡಿಸಿದ್ದು ಎಂಬುದನ್ನು) ಕಡ್ಡಿ ಎಳೆದಂತೆ ಎಳೆದು ಹೊಂದಿಸಬಹುದು ಇತ್ಯಾದಿ. ಹಾಡು, ಗಿಟಾರ್ ಮಾತ್ರ ಮಾಡುವವರಿಗೆ ಅದರಿಂದ ಲಾಭವಿಲ್ಲ. ಆದರೆ ಅದರಲ್ಲೇ ಬಂದ ಇನ್ನೊಂದು ಸಂಗತಿ ನಿಮಗೆ ಬೇಕಾದದ್ದು. ಹಾಡನ್ನು ಪಲ್ಲವಿ, ಚರಣ ಅಂತ ಭಾಗ ಗುರುತಿಸಿ, ಒಂದು ಭಾಗವನ್ನು ಎಲ್ಲ ಟ್ರ್ಯಾಕ್‌ಗಳ ಸಮೇತ ಇನ್ನೊಂದು ಕಡೆಗೆ ಸರಿಸಬಹುದು ಅಥವಾ ನಕಲಿಸಬಹುದು. ಎರಡನೇ ಚರಣ ಆದಮೇಲೆ ಪಲ್ಲವಿ ಇನ್ನೊಮ್ಮೆ ಬರಲಿ ಅನಿಸಿದಾಗ ಇದರ ಬೆಲೆ ಗೊತ್ತಾಗುತ್ತದೆ. ನನಗೆ 8ಕ್ಕೆ ಹೋಗಲು ಅದೊಂದೇ ಕಾರಣ ಸಾಕಾಯಿತು.

ಸೊನ್ನೆಯಲ್ಲಿ ಕೊನೆಯಾಗುವ ಆವೃತ್ತಿಯನ್ನು ನಾನು ಮುಟ್ಟುವುದಿಲ್ಲ. 8.0 ಬಂದ ಸ್ವಲ್ಪ ದಿನದಲ್ಲೇ ತಪ್ಪು ತಿದ್ದಿದ 8.1 ಬಂತು. ಯಾವ ತಂತ್ರಾಂಶದಲ್ಲೂ ಇದು ಹೀಗೇ. ಡೆಬಿಯನ್ 13ರಲ್ಲಿರುವುದು 8ರ ಸರಣಿಯ ಕೊನೆಕೊನೆಯ ಆವೃತ್ತಿ, ಹಾಗಾಗಿ ಅಲ್ಲಿ ಆ ಚಿಂತೆ ಇಲ್ಲ.

ಆರ್ಚ್ ಬಳಸುವವರು

ಇಷ್ಟೆಲ್ಲ ಯಾಕೆ ಮಾರಾಯ್ರೇ! ನಾನು ಹೊಸ ಆವೃತ್ತಿಗಳು ಬಂದ ಹಾಗೇ ಸಿಗೋ ಆರ್ಚ್ ಲಿನಕ್ಸ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಅಪ್‌ಡೇಟ್ ಮಾಡ್ತಾ ಬಂದಿದ್ದೇನೆ, ಹಾಡುಗಳು ಎಲ್ಲೂ ಹೋಗಿಲ್ಲ. ಸಮಸ್ಯೆ ಬಂದರೆ ಬರೋದು ಸಣ್ಣ ಸಣ್ಣದು, ಒಂದೊಂದಾಗಿ, ಮಾರನೇ ದಿನ ಸರಿಯಾಗಿರ್ತದೆ. ವರ್ಷಗಟ್ಟಲೆ ಕಾದು ಒಂದೇ ಸಲ ಹಾರೋರಿಗೇ ಎಲ್ಲಾ ಒಟ್ಟಿಗೆ ಮೈಮೇಲೆ ಬರೋದು. ಹಳೆಯದನ್ನೇ ಹಿಡ್ಕೊಂಡು ಕೂತರೆ ಬಗ್ ವರದಿ ಮಾಡಿದರೂ "ಇದು ಹೊಸದರಲ್ಲಿ ಸರಿಯಾಗಿದೆ" ಅನ್ನೋ ಉತ್ತರವೇ ಸಿಗೋದು. ಸೆಷನ್ ಬ್ಯಾಕಪ್ ಇಡಿ, ಆ ಮಾತು ಒಪ್ಪಿದೆ. ಉಳಿದದ್ದಕ್ಕೆ ತಲೆ ಕೆಡಿಸ್ಕೋಬೇಡಿ.

ಪೈಪ್‌ವೈರ್ ಬಗ್ಗೆ ತಲೆ ಕೆಡಿಸಿಕೊಂಡವರು

ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಆರ್ಡೋರ್, ಅಡಾಸಿಟಿ ತರಹದ ತಂತ್ರಾಂಶ ಕೆಟ್ಟರೆ ಹಳೆಯದನ್ನು ಹಾಕಿಕೊಂಡರಾಯಿತು. ಅದರ ಕೆಳಗಿರುವ ಪದರ, ಅಂದರೆ ಕರ್ನಲ್ (ಲಿನಕ್ಸ್‌ನ ತಿರುಳು), ಪೈಪ್‌ವೈರ್, ಅದಕ್ಕೆ ದಾರಿ ತೋರಿಸುವ ವೈರ್‌ಪ್ಲಂಬರ್, ಕೆಟ್ಟರೆ ಬ್ರೌಸರಿನಿಂದ ಹಿಡಿದು ಎಲ್ಲದರ ಸದ್ದೂ ಹೋಗುತ್ತದೆ. ಆದ್ದರಿಂದ ಇವೆರಡಕ್ಕೂ ಒಂದೇ ನೀತಿ ಸಲ್ಲದು. ನಾನು ಮೇಲಿನ ಪದರವನ್ನು ಬೇಕಾದಾಗ ಬದಲಿಸುತ್ತೇನೆ. ಕೆಳಗಿನದನ್ನು ಡಿಸ್ಟ್ರೋ (ಡೆಬಿಯನ್, ಆರ್ಚ್‌ನಂಥ ಲಿನಕ್ಸ್ ವಿತರಣೆ) ಕೊಟ್ಟಾಗ ಮಾತ್ರ, ಅದೂ ಕೈಯಲ್ಲಿ ಕೆಲಸ ಇಲ್ಲದಿದ್ದಾಗ.

ಆದರೆ ನಿಮ್ಮ ವಿಷಯದಲ್ಲಿ ಮುಖ್ಯವಾಗಿ ಬದಲಿಸಬೇಕಾಗಿರುವುದು ಕೆಳಗಿನ ಪದರವನ್ನೇ. ಡೆಬಿಯನ್ 12ರಲ್ಲಿರುವ ಪೈಪ್‌ವೈರ್ 0.3.65. ವಿಮ್ ಟೈಮನ್ಸ್ ಮತ್ತು ಸಂಗಡಿಗರು 1.0 ಬಿಟ್ಟಿದ್ದು 2023ರ ನವೆಂಬರ್ ಕೊನೆಯಲ್ಲಿ, ಡೆಬಿಯನ್ 12 ಹೊರಬಂದ ಮೇಲೆ. ಅಷ್ಟರೊಳಗೆ ಜ್ಯಾಕ್ (ಕಡಿಮೆ ವಿಳಂಬಕ್ಕಾಗಿ ಮೊದಲಿನಿಂದ ಬಳಸುತ್ತಿದ್ದ ಆಡಿಯೋ ಸರ್ವರ್) ಹೊಂದಾಣಿಕೆಯಲ್ಲಿ ಬಹಳ ಕೆಲಸ ಆಯಿತು. ಪ್ರೊ ಆಡಿಯೋ ಪ್ರೊಫೈಲ್ ಆರಿಸಿಕೊಂಡರೆ ವಿಳಂಬ ಜ್ಯಾಕ್‌ನ ಮಟ್ಟಕ್ಕೆ ಇಳಿಯಿತು. ಡೆಬಿಯನ್ 13ರಲ್ಲಿ ಸಿಗುವುದು 1.4ರ ಸರಣಿ. ನಡುವಿನ ಈ ಅಂತರ ಕಿವಿಗೆ ಗೊತ್ತಾಗುವಂಥದ್ದು.

ಪ್ರೊ ಆಡಿಯೋ ಅಂದದ್ದು ಎಲ್ಲಿದೆ ಅಂದರೆ, ಪಾವುಕಂಟ್ರೋಲ್ ಎಂಬ ಸದ್ದಿನ ನಿಯಂತ್ರಕ ತೆರೆದು ಕೊನೆಯ ಕಾನ್ಫಿಗರೇಶನ್ ಟ್ಯಾಬಿಗೆ ಹೋಗಿ, ನಿಮ್ಮ ಇಂಟರ್‌ಫೇಸಿನ ಎದುರು ಪ್ರೊಫೈಲ್ ಪಟ್ಟಿಯಲ್ಲಿ. ಇದನ್ನು ಆರಿಸಿದರೆ ಸ್ಟೀರಿಯೋ, ಸರೌಂಡ್ ಎಂಬ ಅಲಂಕಾರ ಹೋಗಿ ಇಂಟರ್‌ಫೇಸಿನ ಇನ್‌ಪುಟ್, ಔಟ್‌ಪುಟ್‌ಗಳು ಇದ್ದ ಹಾಗೇ ಕಾಣುತ್ತವೆ.

ಇನ್ನು ಬಫರ್, ಅಂದರೆ ಸದ್ದನ್ನು ಒಂದು ಸಲಕ್ಕೆ ಎಷ್ಟು ಕಟ್ಟಿ ಸಾಗಿಸಬೇಕು ಎಂಬ ಅಳತೆ. ಪೈಪ್‌ವೈರ್ ಇದನ್ನು ಕ್ವಾಂಟಮ್ ಅನ್ನುತ್ತದೆ. ತಾನಾಗಿ ಇಟ್ಟುಕೊಳ್ಳುವುದು 1024 ಸ್ಯಾಂಪಲ್, 48,000 ದರದಲ್ಲಿ. ಅಂದರೆ ಒಂದು ಬಫರಿಗೆ 21.3 ಮಿಲಿಸೆಕೆಂಡ್. ಒಳಗೆ ಬರಲು ಒಮ್ಮೆ, ಹೊರಗೆ ಹೋಗಲು ಒಮ್ಮೆ, ಸೇರಿ 40 ದಾಟಿತು. ಗಿಟಾರನ್ನು ಕಂಪ್ಯೂಟರಿನೊಳಗಿನ ಆಂಪ್ ಮೂಲಕ ಕೇಳುತ್ತಾ ನುಡಿಸಲು ಇದು ಆಗದ ಮಾತು. 128ಕ್ಕೆ ಇಳಿಸಿದರೆ ಬಫರಿಗೆ 2.7 ಮಿಲಿಸೆಕೆಂಡ್. ಆರ್ಡೋರ್‌ನ ಆಡಿಯೋ ಸೆಟಪ್ಪಿನಲ್ಲಿ ಜ್ಯಾಕ್ ಆರಿಸಿಕೊಂಡು ಬಫರ್ ಗಾತ್ರ ಅಲ್ಲೇ ಬದಲಿಸಬಹುದು, ಇಲ್ಲವೇ ಟರ್ಮಿನಲ್‌ನಲ್ಲಿ ಪಿಡಬ್ಲ್ಯೂ-ಮೆಟಾಡೇಟಾ ಕಮಾಂಡ್ ಕೊಟ್ಟು ಕ್ವಾಂಟಮ್ಮನ್ನು ಬಲವಂತವಾಗಿ ಹಿಡಿದಿಡಬಹುದು. ಸೊನ್ನೆ ಕೊಟ್ಟರೆ ಬಲವಂತ ಬಿಟ್ಟು ಮೊದಲಿನಂತಾಗುತ್ತದೆ. ಡೆಬಿಯನ್‌ನಲ್ಲಿ ಪೈಪ್‌ವೈರ್-ಜ್ಯಾಕ್ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಆರ್ಡೋರನ್ನು ಪಿಡಬ್ಲ್ಯೂ-ಜ್ಯಾಕ್ ಎಂಬ ಕಮಾಂಡ್ ಮುಂದೆ ಹಾಕಿ ಶುರು ಮಾಡಬೇಕು. ಇದನ್ನು ಬಿಟ್ಟವರೇ "ಜ್ಯಾಕ್ ಸರ್ವರ್ ಸಿಗುತ್ತಿಲ್ಲ" ಅಂತ ಒದ್ದಾಡುವುದು.

ಬರೀ ಹಾಡುವಾಗ ಇದರ ಗೊಡವೆಯೇ ಬೇಡ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಒತ್ತಿ. ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನಿನಲ್ಲಿ ಕೇಳುತ್ತದೆ. ಬಫರ್ 1024ರಲ್ಲೇ ಇರಲಿ.

ಅಪ್‌ಡೇಟ್ ಆದಮೇಲೆ ನಾನು ಮೊದಲು ನೋಡುವುದು ಪಿಡಬ್ಲ್ಯೂ-ಟಾಪ್. ಟರ್ಮಿನಲ್‌ನಲ್ಲಿ ಓಡಿಸಿದರೆ ಸದ್ದಿಗೆ ಸಂಬಂಧಪಟ್ಟ ಪ್ರತಿಯೊಂದೂ ಒಂದೊಂದು ಸಾಲಾಗಿ ಬರುತ್ತದೆ. ಕ್ವಾಂಟಮ್, ದರ, ಕಾದ ಸಮಯ, ಕೆಲಸ ಮಾಡಿದ ಸಮಯ, ಅದರ ನಂತರ ಎರರ್ ಎಣಿಕೆಯ ಒಂದು ಕಾಲಂ. ಇದರ ಮೇಲೆ ಕಣ್ಣಿಟ್ಟು ಹಳೆಯ ಸೆಷನ್ ಒಂದನ್ನು ನುಡಿಸಿ. ಎರರ್ ಅಂಕಿ ನಿಂತಲ್ಲೇ ನಿಂತರೆ ನೆಮ್ಮದಿ. ಏರುತ್ತಾ ಹೋದರೆ ಎಕ್ಸ್‌ರನ್ ಆಗುತ್ತಿದೆ, ಅಂದರೆ ಸದ್ದು ಸಮಯಕ್ಕೆ ತಲುಪುತ್ತಿಲ್ಲ, ರೆಕಾರ್ಡಿಂಗಿನಲ್ಲಿ ಟಿಕ್ ಟಿಕ್ ಬಿದ್ದೇ ಬೀಳುತ್ತದೆ. ಯಾವ ಸಾಲಿನಲ್ಲಿ ಏರುತ್ತಿದೆ ನೋಡಿದರೆ ತಪ್ಪು ಇಂಟರ್‌ಫೇಸಿನದೋ, ಯಾವುದೋ ಭಾರದ ಪ್ಲಗಿನ್ ಇಟ್ಟುಕೊಂಡ ಆರ್ಡೋರಿನದೋ ತಿಳಿಯುತ್ತದೆ.

12ರಿಂದ 13ಕ್ಕೆ ಹೋಗುವವರಿಗೆ ಒಂದು ಹಳ್ಳ ಕಾದಿದೆ, ಅದನ್ನು ಹೇಳಿಬಿಡುತ್ತೇನೆ. ಯಾವ ಸಾಧನ ಯಾವುದಕ್ಕೆ ಸೇರಬೇಕು ಎಂದು ನಿರ್ಧರಿಸುವ ವೈರ್‌ಪ್ಲಂಬರ್‌ನ ಸೆಟ್ಟಿಂಗ್‌ಗಳನ್ನು 0.4ರವರೆಗೆ ಲುವಾ ಭಾಷೆಯ ಫೈಲ್‌ಗಳಲ್ಲಿ ಬರೆಯುತ್ತಿದ್ದರು. 2024ರ 0.5ರಿಂದ ಅದು ಜೇಸನ್ ತರಹದ ಕಾನ್ಫ್ ಫೈಲ್‌ಗಳಿಗೆ ಬದಲಾಯಿತು. ಡೆಬಿಯನ್ 12ರಲ್ಲಿ 0.4, 13ರಲ್ಲಿ 0.5. ಇಂಟರ್‌ಫೇಸಿಗೆ ಹೆಸರಿಡಲು, ಲ್ಯಾಪ್‌ಟಾಪಿನ ಸ್ವಂತ ಮೈಕ್ ಮುಚ್ಚಿಡಲು, ಸಾಧನ ನಿದ್ದೆ ಹೋಗದಂತೆ ತಡೆಯಲು ಯಾವಾಗಲೋ ಒಂದು ಲುವಾ ಫೈಲ್ ಬರೆದಿಟ್ಟಿದ್ದರೆ ಅದು ಹೊಸದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗೆ ವೈರ್‌ಪ್ಲಂಬರ್ ಎಂಬ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ದರೆ ಈ ಪ್ಯಾರಾ ಮರೆತುಬಿಡಿ.

ಕರ್ನಲ್ ಬಗ್ಗೆ ಎರಡೇ ಮಾತು. 2024ರ ನವೆಂಬರ್‌ನ 6.12ರಲ್ಲಿ ಕೆಲಸ ಸಮಯಕ್ಕೆ ಸರಿಯಾಗಿ ಮುಗಿಯುವಂತೆ ಮಾಡುವ ರಿಯಲ್‌ಟೈಮ್ ಪ್ಯಾಚುಗಳು ಮುಖ್ಯ ಕರ್ನಲ್‌ಗೆ ಸೇರಿದವು. ಎರಡು ದಶಕದ ಕೆಲಸ ಅದು. ಡೆಬಿಯನ್ 13ರಲ್ಲಿರುವುದೂ 6.12. ಹಾಗಂತ ಅದು ಎಲ್ಲರ ಯಂತ್ರದಲ್ಲೂ ತಾನಾಗಿ ಚಾಲೂ ಆಗಿರುವುದಿಲ್ಲ, ಡಿಸ್ಟ್ರೋದವರು ಆ ಆಯ್ಕೆ ಹಾಕಿ ಕಟ್ಟಿದ ಕರ್ನಲ್ ಬೇಕು. ಡೆಬಿಯನ್‌ನಲ್ಲಿ ಅದಕ್ಕೆ ಆರ್‌ಟಿ ಎಂಬ ಬೇರೆ ಪ್ಯಾಕೇಜಿದೆ. ಎರಡು ಇನ್‌ಪುಟ್ಟಿನ ಕೆಲಸಕ್ಕೆ ಅದನ್ನು ತರುವುದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತೆ. ಮಾಮೂಲಿ ಕರ್ನಲ್‌ಗೇ ಬೂಟ್ ಸಾಲಿನಲ್ಲಿ ಪ್ರಿಎಂಪ್ಟ್ ಈಕ್ವಲ್ಸ್ ಫುಲ್ ಅಂತ ಸೇರಿಸಿ ನೋಡಿ, 128ಕ್ಕೆ ಅಷ್ಟು ಸಾಕಾಗಬಹುದು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ವೈರ್‌ಪ್ಲಂಬರ್ ಫೋಲ್ಡರ್ ಇದೆ ಸರ್, ಒಳಗೆ ಒಂದು ಲುವಾ ಫೈಲೂ ಇದೆ! ಮೈಕ್ ನಿದ್ದೆ ಹೋಗಿ ಮೊದಲ ಅಕ್ಷರ ನುಂಗ್ತಾ ಇತ್ತು ಅಂತ ಯಾರೋ ಹೇಳಿದ್ದನ್ನ ಹಾಗೇ ಅಂಟಿಸಿದ್ದು. ಅಡಾಸಿಟಿ ಬಗ್ಗೆ ಯಾರೂ ಹೇಳಲಿಲ್ಲ. ಗಿಟಾರ್ ಆಂಪ್ ಪ್ಲಗಿನ್‌ಗಳಲ್ಲಿ ಹೊಸದು ಯಾವುದು ಚೆನ್ನಾಗಿದೆ ಅನ್ನೋದನ್ನೂ ಹೇಳಿ.

ಮಾತಿನ ರೆಕಾರ್ಡಿಂಗ್ ಎಡಿಟ್ ಮಾಡುವವರು

ಅಡಾಸಿಟಿ ನಾನು ದಿನಾ ತೆಗೆಯೋದು, ಅದರ ಬಗ್ಗೆ ಹೇಳ್ತೀನಿ.

ಹೊಸ ಆವೃತ್ತಿಗಳಲ್ಲಿ ಬಹಳಷ್ಟು ನನಗೆ ಬೇಡವಾದದ್ದು. ಆದರೆ ಎರಡು ಸಂಗತಿ ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿದವು. 2021ರ 3.1ರಲ್ಲಿ ಕ್ಲಿಪ್ಪಿನ ಅಂಚು ಹಿಡಿದು ಎಳೆದರೆ ಒಳಗೆ ಸರಿಯುತ್ತೆ, ವಾಪಸ್ ಎಳೆದರೆ ಕತ್ತರಿಸಿದ್ದು ಮತ್ತೆ ಬರುತ್ತೆ ಅನ್ನೋ ಹಾಗಾಯ್ತು. ಅದಕ್ಕೆ ಮುಂಚೆ ಉಸಿರಿನ ಸದ್ದು ಕತ್ತರಿಸೋವಾಗ ಮಾತಿನ ಬಾಲ ಹೋದರೆ ಅನ್‌ಡೂ ಮಾಡ್ತಾ ಹಿಂದೆ ಹೋಗಬೇಕಿತ್ತು. ಇನ್ನೊಂದು 2022ರ 3.2. ಎಫೆಕ್ಟ್‌ಗಳನ್ನ ನುಡಿಸ್ತಾ ಇರೋವಾಗಲೇ ಹಾಕಬಹುದು. ಟ್ರ್ಯಾಕಿನ ಎಡಗಡೆ ಎಫೆಕ್ಟ್ಸ್ ಅನ್ನೋ ಗುಂಡಿ ಒತ್ತಿದರೆ ಪಟ್ಟಿ ತೆರೆಯುತ್ತೆ, ಕಂಪ್ರೆಸರ್, ಈಕ್ಯೂ ಸೇರಿಸಿ ಕೇಳ್ತಾ ಕೇಳ್ತಾ ತಿರುಗಿಸಬಹುದು, ಬೇಡ ಅಂದರೆ ಆರಿಸಬಹುದು. ಮೊದಲು ಎಫೆಕ್ಟ್ ಹಾಕಿದರೆ ಅದು ಆಡಿಯೋದಲ್ಲೇ ಬೆರೆತು ಹೋಗ್ತಿತ್ತು. ಡೆಬಿಯನ್ 12ರಲ್ಲೇ 3.2 ಇದೆ, ಅಂದರೆ ಇವೆರಡೂ ನಿಮ್ಮ ಹತ್ರ ಇವೆ, ಬಳಸ್ತಾ ಇದ್ದೀರಾ ಅನ್ನೋದು ಬೇರೆ ಪ್ರಶ್ನೆ.

ಆಮೇಲೆ ಬಂದದ್ದು: 2023ರ ಕೊನೆಯ 3.4ರಲ್ಲಿ ತಾಳಕ್ಕೆ ತಕ್ಕ ಗ್ರಿಡ್, ಶ್ರುತಿ ಕೆಡಿಸದೆ ಕ್ಲಿಪ್ ಉದ್ದ ಮಾಡೋದು. 2024ರ 3.5ರಲ್ಲಿ ಕ್ಲೌಡ್‌ನಲ್ಲಿ ಉಳಿಸೋದು. ಅದನ್ನ ನಾನು ಮುಟ್ಟಿಲ್ಲ. 3.6ರಲ್ಲಿ ಹೊಸ ಕಂಪ್ರೆಸರ್, ಲಿಮಿಟರ್, ಜೊತೆಗೆ ಒಟ್ಟು ಮಿಕ್ಸ್ ಮೇಲೆ ಎಫೆಕ್ಟ್ ಹಾಕೋ ಸೌಲಭ್ಯ. ಮಾತಿಗೆ ಈ ಕಂಪ್ರೆಸರ್ ನಿಜವಾಗ್ಲೂ ಚೆನ್ನಾಗಿದೆ. ಎಷ್ಟು ಒತ್ತುತ್ತಾ ಇದೆ ಅನ್ನೋದು ಗೆರೆಯಾಗಿ ಓಡ್ತಾ ಕಾಣುತ್ತೆ. ಜೋರಾಗಿ ನಕ್ಕ ಕಡೆ ಗೆರೆ ದಡಕ್ಕನೆ ಕೆಳಗೆ ಬೀಳೋದನ್ನ ನೋಡಿದರೆ ಥ್ರೆಶೋಲ್ಡ್ ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಫೈಲ್ ವಿಷಯ. 2021ರ 3.0ರಿಂದ ಪ್ರಾಜೆಕ್ಟ್ ಅಂದರೆ ಎಯುಪಿ3 ಅನ್ನೋ ಒಂದೇ ಫೈಲ್, ಒಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ಹಳೇ ಎಯುಪಿ ಪ್ರಾಜೆಕ್ಟುಗಳನ್ನ ಹೊಸದು ತೆರೆಯುತ್ತೆ, ಎಯುಪಿ3ಯನ್ನ 2ರ ಸರಣಿ ತೆರೆಯಲ್ಲ. ಮುಗಿದ ಕೆಲಸವನ್ನ ಪ್ರಾಜೆಕ್ಟ್ ಜೊತೆಗೆ ಫ್ಲ್ಯಾಕ್ (ಗುಣಮಟ್ಟ ಕೆಡಿಸದ ಆಡಿಯೋ ಫೈಲ್) ಆಗಿಯೂ ಇಟ್ಟುಬಿಡಿ. ಮುಂದೆ ಯಾವ ಆವೃತ್ತಿ ಬಂದರೂ ಅದು ತೆರೆಯುತ್ತೆ.

ಮ್ಯೂಸ್ ಗ್ರೂಪ್ ಅಡಾಸಿಟಿಯನ್ನ ತಗೊಂಡಾಗ, 2021ರಲ್ಲಿ, ಬಳಕೆಯ ಮಾಹಿತಿ ಸಂಗ್ರಹಿಸೋ ಪ್ರಸ್ತಾಪದ ಮೇಲೆ ದೊಡ್ಡ ಗಲಾಟೆ ಆಗಿತ್ತು. ಆ ಪ್ರಸ್ತಾಪ ಕೈಬಿಟ್ಟರು. ಅದೇ ಸಿಟ್ಟಿನಲ್ಲಿ ಟೆನಾಸಿಟಿ ಅನ್ನೋ ಕವಲು ಹುಟ್ಟಿತು. ನಾನು ಅಡಾಸಿಟಿಯಲ್ಲೇ ಉಳಿದೆ. ಹೊಸದನ್ನ ಪರೀಕ್ಷೆ ಮಾಡೋಕೆ ಅವರದೇ ಆಪ್‌ಇಮೇಜ್ ಇಳಿಸ್ಕೊಳ್ಳಿ. ಒಂದೇ ಫೈಲ್, ಓಡಿಸೋ ಅನುಮತಿ ಕೊಟ್ಟು ಕ್ಲಿಕ್ ಮಾಡಿದರೆ ಆಯ್ತು, ಡೆಬಿಯನ್‌ದು ಪಕ್ಕದಲ್ಲಿ ಹಾಗೇ ಇರುತ್ತೆ. ಆದರೆ ಒಂದು, ಎರಡಕ್ಕೂ ಸೆಟ್ಟಿಂಗ್ ಫೋಲ್ಡರ್ ಒಂದೇ ಆಗಬಹುದು, ಅದನ್ನೂ ಕಾಪಿ ಮಾಡಿಟ್ಟುಕೊಂಡು ಶುರು ಮಾಡಿ.

ಗಿಟಾರ್ ನುಡಿಸುವವರು

ಆಂಪ್ ಬಗ್ಗೆ ಕೇಳಿದಿರಲ್ಲ. ಗಿಟಾರಿಕ್ಸ್ ಹಳೆಯದು, ಹಗುರ, ಹಳೆಯ ಯಂತ್ರದಲ್ಲೂ ಆರಾಮಾಗಿ ಓಡುತ್ತೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಮುಕ್ತ ತಂತ್ರಾಂಶದ ಗಿಟಾರ್ ಲೋಕವನ್ನೇ ಅಲ್ಲಾಡಿಸಿದ್ದು ನ್ಯೂರಲ್ ಆಂಪ್ ಮಾಡೆಲರ್, ಸ್ಟೀವನ್ ಅಟ್ಕಿನ್ಸನ್ ಶುರು ಮಾಡಿದ್ದು. ನಿಜವಾದ ಆಂಪಿಗೆ ಒಂದು ಗೊತ್ತಾದ ಸಿಗ್ನಲ್ ಕೊಟ್ಟು, ಅದು ಹೊರಬಿಟ್ಟದ್ದನ್ನ ರೆಕಾರ್ಡ್ ಮಾಡಿ, ಎರಡನ್ನೂ ನ್ಯೂರಲ್ ನೆಟ್‌ವರ್ಕಿಗೆ ಕಲಿಸ್ತಾರೆ. ಕಲಿತದ್ದು ಒಂದು ಸಣ್ಣ ಮಾಡೆಲ್ ಫೈಲ್. ಜನ ತಮ್ಮ ತಮ್ಮ ಆಂಪುಗಳ ಮಾಡೆಲ್‌ಗಳನ್ನ ಧಾರಾಳವಾಗಿ ಹಂಚಿಕೊಂಡಿದ್ದಾರೆ. ಲಿನಕ್ಸಿಗೆ ಎಲ್‌ವಿ2 ಅನ್ನೋ ಪ್ಲಗಿನ್ ಫಾರ್ಮ್ಯಾಟಿನಲ್ಲಿ ಸಿಗುತ್ತೆ, ಆರ್ಡೋರ್‌ನಲ್ಲಿ ನೇರವಾಗಿ ಕೂರುತ್ತೆ. ಒಂದು ಎಚ್ಚರ: ಬಹಳಷ್ಟು ಮಾಡೆಲ್‌ಗಳು ಆಂಪಿನದು ಮಾತ್ರ, ಸ್ಪೀಕರ್ ಡಬ್ಬಿಯದಲ್ಲ. ಅದರ ನಂತರ ಕ್ಯಾಬಿನೆಟ್ಟಿನ ಇಂಪಲ್ಸ್ ರೆಸ್ಪಾನ್ಸ್ (ಆ ಡಬ್ಬಿಯ ಸದ್ದಿನ ಅಚ್ಚು) ಹಾಕದಿದ್ದರೆ ಕಿವಿಗೆ ಗರಗಸ ಹಾಕಿದ ಹಾಗೆ ಕೇಳಿ "ಇದೇನು ಚೆನ್ನಾಗಿಲ್ಲ" ಅಂತ ಬಿಟ್ಟುಬಿಡ್ತೀರಿ. ಎಲ್‌ಎಸ್‌ಪಿ ಪ್ಲಗಿನ್‌ಗಳಲ್ಲಿರೋ ಇಂಪಲ್ಸ್ ರೆಸ್ಪಾನ್ಸ್ ಪ್ಲಗಿನ್ ಅದಕ್ಕೆ ಸಾಕು.

ಪ್ಲಗಿನ್ ಹಾಕೋದರಲ್ಲಿ ಎಲ್ಲರೂ ಎಡವೋ ಜಾಗ ಫ್ಲಾಟ್‌ಪ್ಯಾಕ್, ಅಂದರೆ ಡಿಸ್ಟ್ರೋದ ಹೊರಗಿಂದ ತಂತ್ರಾಂಶ ಹಾಕ್ಕೊಳ್ಳೋ ಒಂದು ವಿಧಾನ. ಹೊಸ ಆವೃತ್ತಿ ಸುಲಭವಾಗಿ ಸಿಗುತ್ತೆ ಅಂತ ಆರ್ಡೋರನ್ನ ಫ್ಲಾಟ್‌ಪ್ಯಾಕಿನಿಂದ ಹಾಕ್ಕೊಂಡರೆ, ಡೆಬಿಯನ್‌ನಿಂದ ಹಾಕಿದ ಪ್ಲಗಿನ್‌ಗಳು ಅದರ ಕಣ್ಣಿಗೆ ಕಾಣಲ್ಲ. ಅದು ತನ್ನ ಬೇಲಿಯೊಳಗೇ ಇರುತ್ತೆ, ಪ್ಲಗಿನ್‌ಗಳನ್ನೂ ಫ್ಲಾಟ್‌ಪ್ಯಾಕ್ ವಿಸ್ತರಣೆಗಳಾಗಿಯೇ ತರಬೇಕು. ಹಳೇ ಸೆಷನ್ ತೆರೆದು "ಎಲ್ಲಾ ಪ್ಲಗಿನ್ ಮಾಯ" ಅನ್ನೋರಲ್ಲಿ ಅರ್ಧ ಜನರ ಕಥೆ ಇದೇ. ಸೆಷನ್‌ಗೆ ಏನೂ ಆಗಿರಲ್ಲ.

ಎಲ್‌ವಿ2ನಲ್ಲಿ ನನಗೆ ಇಷ್ಟವಾದ ನಿಯಮ ಒಂದಿದೆ. ಪ್ರತಿ ಪ್ಲಗಿನ್‌ಗೂ ಒಂದು ಯುಆರ್‌ಐ ಗುರುತು. ಹೊಂದಿಕೆಯಾಗದ ರೀತಿಯಲ್ಲಿ ಪೋರ್ಟುಗಳನ್ನ ಬದಲಿಸಿದರೆ ಬರೆದವರು ಗುರುತನ್ನೇ ಬದಲಿಸಬೇಕು. ಆದ್ದರಿಂದ ನಿಯಮ ಪಾಲಿಸಿದ ಪ್ಲಗಿನ್ ಅಪ್‌ಡೇಟ್ ಆದರೆ, ಒಂದೋ ಮೊದಲಿನಂತೇ ತೆರೆಯುತ್ತೆ, ಇಲ್ಲ ಸಿಗ್ತಿಲ್ಲ ಅಂತ ನೇರವಾಗಿ ಹೇಳುತ್ತೆ. ಕ್ಲಾಪ್ ಅನ್ನೋದು 2022ರಲ್ಲಿ ಬಂದ ಹೊಸ ಫಾರ್ಮ್ಯಾಟ್, ಎಂಐಟಿ ಪರವಾನಗಿಯದು, ಚೆನ್ನಾಗಿದೆ. ಆದರೆ ಆರ್ಡೋರ್ 8 ಅದನ್ನ ತೆಗೆದುಕೊಳ್ಳಲ್ಲ. ಒಂದೇ ಪ್ಲಗಿನ್ ಎರಡು ಮೂರು ರೂಪದಲ್ಲಿ ಸಿಕ್ಕರೆ ನೀವು ಎಲ್‌ವಿ2 ಹಾಕ್ಕೊಳ್ಳಿ. ಸಿಂಥ್ ಯಾವತ್ತಾದರೂ ಬೇಕಾದರೆ ಸರ್ಜ್ ಎಕ್ಸ್‌ಟಿ ಒಂದೇ ಸಾಕು.

ವಿಂಡೋಸ್ ಪ್ಲಗಿನ್‌ಗಳನ್ನ ವೈನ್ (ವಿಂಡೋಸ್ ತಂತ್ರಾಂಶ ಲಿನಕ್ಸ್‌ನಲ್ಲಿ ಓಡಿಸೋದು), ಯಾಬ್ರಿಜ್ ಮೂಲಕ ಓಡಿಸೋರಿಗೆ ಬೇರೆಯೇ ಎಚ್ಚರಿಕೆ. ವೈನ್ 9.22ರಿಂದ ಆದ ಬದಲಾವಣೆಯಲ್ಲಿ ಪ್ಲಗಿನ್ ಕಿಟಕಿಯೊಳಗೆ ಮೌಸ್ ಒಂದು ಕಡೆ, ಕ್ಲಿಕ್ ಬೀಳೋದು ಇನ್ನೊಂದು ಕಡೆ ಆಗಿ, ಬಹಳ ಜನ 9.21ರಲ್ಲೇ ನಿಲ್ಲಿಸ್ಕೊಂಡರು. ಅಲ್ಲಿ ಮಾತ್ರ ಆರ್ಚ್‌ನವರ ಧೈರ್ಯ ಕೆಲಸಕ್ಕೆ ಬರಲ್ಲ.

ಆರ್ಚ್ ಬಳಸುವವರು

ಅದು ಸರಿ ಮಾರಾಯ್ರೇ, ವೈನ್ ನಾನೂ ಕಟ್ಟಿಹಾಕಿಟ್ಟಿದ್ದೇನೆ! ಅದೊಂದನ್ನು ಲೆಕ್ಕಕ್ಕೆ ತಗೊಳ್ಬೇಡಿ.

ಇನ್ನೊಬ್ಬರು

ಹೊಸ ಆವೃತ್ತಿ ಬರದಿದ್ದರೆ ತಂತ್ರಾಂಶ ಸತ್ತಿದೆ ಅಂತಲೂ ಅಲ್ಲ ಅನ್ನೋದನ್ನ ಸೇರಿಸ್ತೀನಿ. ಎಂಪಿ3 ಮಾಡೋ ಲೇಮ್‌ನ 3.100 ಬಂದಿದ್ದು 2017ರಲ್ಲಿ, ಎಲ್ಲರೂ ಅದನ್ನೇ ಬಳಸೋದು, ಯಾರಿಗೂ ತೊಂದರೆ ಇಲ್ಲ. ಸಂಗೀತ ಕಟ್ಟೋ ಎಲ್‌ಎಂಎಂಎಸ್‌ನ 1.2.2 ಬಂದು ನಿಂತಿದ್ದು 2020ರಲ್ಲಿ, ಆಮೇಲೆ 1.3ರ ಆಲ್ಫಾಗಳೇ. ಅದಾದರೆ ಕಾಯೋದರಲ್ಲಿ ಅರ್ಥ ಇದೆ, ಎಲ್‌ವಿ2 ಬೆಂಬಲ ಸೇರಿದ್ದು ಆ ಆಲ್ಫಾ ಸಾಲಿನಲ್ಲೇ. ಆದರೆ ಹಾಡೋರಿಗೆ ಎಲ್‌ಎಂಎಂಎಸ್ ಬೇಡ, 1.2ರಲ್ಲಿ ಮೈಕಿನಿಂದ ರೆಕಾರ್ಡ್ ಮಾಡೋ ದಾರಿಯೇ ಇಲ್ಲ. ಫ್ಲ್ಯಾಕ್‌ನಲ್ಲಿ ಉಲ್ಟಾ. 2025ರ 1.5ಕ್ಕೆ ಆ ಆಯ್ಕೆ ಕೊಟ್ಟರೆ ಹಲವು ಕೋರ್‌ಗಳನ್ನ ಒಟ್ಟಿಗೆ ಬಳಸಿ ಎನ್‌ಕೋಡ್ ಮಾಡುತ್ತೆ, ಹಾಡುಗಳ ರಾಶಿ ಇಟ್ಟುಕೊಂಡೋರು ಹಾಕ್ಕೊಂಡ ದಿನವೇ ವ್ಯತ್ಯಾಸ ನೋಡಬಹುದು.

ಆರ್ಡೋರ್‌ನಲ್ಲೇ ಹಾಡು ಮಿಕ್ಸ್ ಮಾಡುವವರು

ಪ್ರಶ್ನೆ ಕೇಳಿದವರಿಗೆ ಇನ್ನೊಂದು ದಾರಿ ಇದೆ, ಇಲ್ಲಿವರೆಗೆ ಯಾರೂ ಹೇಳಲಿಲ್ಲ. ಸಿಸ್ಟಂ ಮುಟ್ಟದೆಯೇ ಆರ್ಡೋರ್ 8 ಹಾಕಿ ನೋಡಬಹುದು. ಆರ್ಡೋರ್‌ನ ಮೂಲ ಕೋಡ್ ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಉಚಿತ, ಡಿಸ್ಟ್ರೋಗಳ ಪ್ಯಾಕೇಜೂ ಉಚಿತ. ಅವರೇ ಕಟ್ಟಿ ಕೊಡುವ ಸಿದ್ಧ ಆವೃತ್ತಿಗೆ ಮಾತ್ರ ಹಣ ಕೇಳುತ್ತಾರೆ. ಪಾಲ್ ಡೇವಿಸ್ ಮತ್ತು ತಂಡದ ಜೀವನ ನಡೆಯುವುದು ಆ ಹಣದಿಂದಲೇ, ಕೊಟ್ಟರೆ ಒಳ್ಳೆಯದು. ಹಣ ಕೊಡದೆ ಸಿಗುವ ಡೆಮೊ 10 ನಿಮಿಷಕ್ಕೊಮ್ಮೆ ಸದ್ದು ನಿಲ್ಲಿಸುತ್ತದೆ, ಆದರೆ ಹಳೆಯ ಹಾಡು ತೆರೆಯುತ್ತದೋ ಇಲ್ಲವೋ ಪರೀಕ್ಷಿಸಲು ಅಷ್ಟು ಸಾಕು. ಈ ಸಿದ್ಧ ಆವೃತ್ತಿ ಆಪ್ಟ್ ಫೋಲ್ಡರಿನಲ್ಲಿ ತನ್ನ ಆವೃತ್ತಿ ಸಂಖ್ಯೆಯ ಹೆಸರಿನಲ್ಲೇ ಕೂರುತ್ತದೆ. ಸೆಟ್ಟಿಂಗ್ ಫೋಲ್ಡರೂ 7ಕ್ಕೊಂದು, 8ಕ್ಕೊಂದು ಬೇರೆ ಬೇರೆ. ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ. ಮೊದಲ ಸಲ ಓಡಿಸಿದಾಗ ಹಳೆಯ ಸೆಟ್ಟಿಂಗ್ ತರಲೇ ಎಂದು ಕೇಳುತ್ತದೆ, ಹೂಂ ಅನ್ನಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅರ್ಧ ಮುಗಿದ ಹಾಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ಲಗಿನ್ ಇರುವ ಒಂದನ್ನು ಆರಿಸಿ, ಅದರ ಫೋಲ್ಡರ್ ಕಾಪಿ ಮಾಡಿ, ಆ ಕಾಪಿಯನ್ನು 8ರಲ್ಲಿ ತೆರೆದು, 7ರಲ್ಲಿ ಮಾಡಿದ ಎಕ್ಸ್‌ಪೋರ್ಟಿನ ಪಕ್ಕದಲ್ಲಿಟ್ಟು ಕೇಳುತ್ತಿದ್ದೆ. ಅನುಮಾನ ಇದ್ದರೆ ಎರಡೂ ಎಕ್ಸ್‌ಪೋರ್ಟನ್ನು ಎರಡು ಟ್ರ್ಯಾಕಿನಲ್ಲಿ ಹಾಕಿ ಒಂದರ ಫೇಸ್ ತಿರುಗಿಸಿ (ಸದ್ದಿನ ಅಲೆ ತಲೆಕೆಳಗು ಮಾಡಿ), ಒಟ್ಟಿಗೆ ನುಡಿಸಿ. ಎರಡೂ ಒಂದೇ ಆಗಿದ್ದರೆ ನಿಶ್ಶಬ್ದ. ಏನಾದರೂ ಕೇಳಿಸಿದರೆ ಯಾವುದೋ ಪ್ಲಗಿನ್ ಬೇರೆ ಥರ ಕೆಲಸ ಮಾಡುತ್ತಿದೆ ಎಂದರ್ಥ. ರಿವರ್ಬ್, ಕೋರಸ್‌ನಂಥವು ಪ್ರತಿ ಸಲ ಸ್ವಲ್ಪ ಬೇರೆಯಾಗಿಯೇ ಬರಬಹುದು, ಅವನ್ನು ಬೈಪಾಸ್ ಮಾಡಿ ನೋಡಿ.

ಪೈಪ್‌ವೈರ್ ಬಗ್ಗೆ ತಲೆ ಕೆಡಿಸಿಕೊಂಡವರು

ಆ ಲುವಾ ಫೈಲಿನ ಮಾತು. ನಿದ್ದೆ ಹೋಗದಂತೆ ತಡೆಯುವ ಸೆಟ್ಟಿಂಗ್ ಅಂದರೆ ಸೆಷನ್ ಡಾಟ್ ಸಸ್ಪೆಂಡ್-ಟೈಮೌಟ್-ಸೆಕೆಂಡ್ಸ್ ಎಂಬುದನ್ನು ಸೊನ್ನೆ ಮಾಡಿರುತ್ತೀರಿ. 13ಕ್ಕೆ ಹೋದಮೇಲೆ ಅದನ್ನೇ ವೈರ್‌ಪ್ಲಂಬರ್ ಡಾಟ್ ಕಾನ್ಫ್ ಡಾಟ್ ಡಿ ಎಂಬ ಫೋಲ್ಡರ್ ಮಾಡಿ, ಅದರಲ್ಲೊಂದು ಕಾನ್ಫ್ ಫೈಲಿನಲ್ಲಿ ಬರೆಯಬೇಕು. ಸೆಟ್ಟಿಂಗಿನ ಹೆಸರು ಅದೇ, ಬರೆಯುವ ರೀತಿ ಮಾತ್ರ ಬೇರೆ. ಈಗಲೇ ಬರೆದಿಟ್ಟುಕೊಂಡರೂ ನಡೆಯುತ್ತದೆ, 0.4 ಆ ಹೊಸ ರೀತಿಯ ಸೆಟ್ಟಿಂಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.